ಬೇಕರಿ ಯಜಮಾನರ ಕಾಲು ಮುರಿದದ್ದು

ಲಿಫ್ಟಣ್ಣನ ವಿಸಿಟಿಂಗ್ ಕಾರ್ಡಿನಲ್ಲಿ ಅವನ ಹುದ್ದೆ 'ಊರ್ಧ್ವಗಮನ ಸಲಹೆಗಾರ' ಎಂದಿತ್ತು. ಕಂಪನಿ ಕೊಟ್ಟ ಪದವಿಯಲ್ಲ, ತಾನೇ ಅಚ್ಚು ಹಾಕಿಸಿಕೊಂಡದ್ದು. ಕೆಲಸ ಮಾತ್ರ ಮನೆಗಳಿಗೆ ಲಿಫ್ಟು ಮಾರುವುದು. ಮಾತಿಗೆ ಕೂತನೆಂದರೆ ಮಹಡಿಯೇ ಇಲ್ಲದವರೂ ಒಮ್ಮೆ ಸೂರು ನೋಡಿಕೊಳ್ಳಬೇಕು, ಅಂಥ ವಾಗ್ಮಿ. ಕಷ್ಟವೆಲ್ಲ ಆಮೇಲಿನದು. "ಯೋಚಿಸಿ ಹೇಳ್ತೀವಿ" ಎಂದ ಗಿರಾಕಿ ಎರಡು ಸಲ ಫೋನ್ ಎತ್ತದಿದ್ದರೆ ಮುಗಿಯಿತು, ಮತ್ತೆ ನಂಬರು ಒತ್ತಲು ಇವನಿಗೆ ಬೆರಳೇ ಏಳುತ್ತಿರಲಿಲ್ಲ.

ಹಾಗಂತ ಅದನ್ನು ಭಯವೆಂದು ಒಪ್ಪಿಕೊಳ್ಳುವ ಆಸಾಮಿಯಲ್ಲ. ಮನೆಯಲ್ಲಿ ಕೇಳಿದರೆ ಗಿರಾಕಿಗೇ ಏನಾದರೊಂದು ವಿಪತ್ತು ತಂದಿಡುತ್ತಿದ್ದ. ಉತ್ತರ ಕೊಡದ ದಂತವೈದ್ಯರಿಗೆ ಅತ್ತೆ ತೀರಿಕೊಂಡರು. ಬಟ್ಟೆ ಅಂಗಡಿಯವರ ಮನೆಗೆ ಹಾವು ಹೊಕ್ಕಿತು. "ಇಂಥ ಹೊತ್ತಲ್ಲಿ ಲಿಫ್ಟು ಲಿಫ್ಟು ಅಂತ ಪೀಡಿಸಕ್ಕಾಗತ್ತಾ? ಮನುಷ್ಯತ್ವ ಬೇಡ್ವಾ?" ಎಂದು ಊಟದ ತಟ್ಟೆಯ ಮುಂದೆ ಕೇಳುವಾಗ ಅವನಿಗೆ ನಿಜವಾಗಿಯೇ ಮರುಕ ಹುಟ್ಟುತ್ತಿತ್ತು. ದಂತವೈದ್ಯರ ಅತ್ತೆ ಹೋದ ದುಃಖದಲ್ಲಿ ಅವನ ತಾಯಿ ಒಂದು ಹೊತ್ತು ಊಟವನ್ನೇ ಬಿಟ್ಟಿದ್ದರು.

ಮೂರಂತಸ್ತಿನ ಮನೆಯ ಬೇಕರಿ ಯಜಮಾನರೂ ಹೀಗೇ ಮೌನವಾದಾಗ ಲಿಫ್ಟಣ್ಣ ಅವರ ಬಲಗಾಲು ಮುರಿದ. ಅಷ್ಟರಲ್ಲಿ ಮ್ಯಾನೇಜರು ಕರೆದು ಖಡಾಖಂಡಿತವಾಗಿ ಹೇಳಿದರು: ಈ ತಿಂಗಳು ಒಂದಾದರೂ ಆರ್ಡರು ಬರದಿದ್ದರೆ ಸಲಹೆಗಾರರು ಗ್ರೀಸು ಡಬ್ಬಿ ಹಿಡಿದು ರಿಪೇರಿಯವರ ಹಿಂದೆ ಹೋಗತಕ್ಕದ್ದು.

ಮಧ್ಯಾಹ್ನ ಊಟಕ್ಕೆ ಕೂತು ಇದನ್ನು ಹೇಳಿದಾಗ ತಾಯಿ ಬಡಿಸುವ ಕೈ ನಿಲ್ಲಿಸಿದರು.

"ಬೇಕರಿಯವ್ರ ಕಾಲು ಹೇಗಿದೆಯೋ?"

"ಇನ್ನೂ ಹಾಸಿಗೇಲೇ ಇದಾರಮ್ಮ, ಪಾಪ."

"ಮಲಗೋದು ಎಲ್ಲಿ?"

"ಮೂರನೇ ಮಹಡೀಲಿ."

"ಅಯ್ಯೋ ಮಂಕೇ! ಲಿಫ್ಟು ಬೇಕಾಗಿರೋದೇ ಅವರಿಗೆ ಕಣೋ! ಕೈ ತೊಳಿ, ಹೋಗೋಣ."

ಲಿಫ್ಟಣ್ಣ ಕೈ ತೊಳೆಯದೆ ಇನ್ನೊಂದು ತುತ್ತು ಕಲಸಿದ. ಕಾಲನ್ನು ಆ ಕ್ಷಣವೇ ಕೂಡಿಸಿಬಿಡೋಣವೆಂದರೆ, ಎರಡು ಕಡೆ ಮುರಿದಿದೆಯೆಂದು ನಿನ್ನೆ ತಾನೇ ಹೇಳಿಯಾಗಿತ್ತು.

ಬೇಕರಿ ಯಜಮಾನರ ಮನೆಯ ಕರೆಗಂಟೆ ಒತ್ತಿದ್ದು ತಾಯಿ. ಯಜಮಾನರು ಮೆಟ್ಟಿಲುಗಳನ್ನು ಎರಡೆರಡಾಗಿ ಹಾರುತ್ತ ಇಳಿದುಬಂದವರು ಲಿಫ್ಟಣ್ಣನನ್ನು ಕಂಡು ಅರ್ಧದಲ್ಲೇ ಕಂಬಿ ಹಿಡಿದು ನಿಂತರು.

"ಮುರಿದ ಕಾಲಲ್ಲಿ ಹೀಗಾ ಕುಣಿಯೋದು?" ತಾಯಿ ಗದರಿದರು.

"ಯಾರ ಕಾಲು?"

ಸದ್ದು ಕೇಳಿ ಯಜಮಾನರ ಹೆಂಡತಿ ಹೊರಬಂದರು. "ಅಯ್ಯೋ, ಲಿಫ್ಟಿನವ್ರು! ಕಾಮಾಲೆ ವಾಸಿಯಾಯ್ತಾ? ಮೈಯೆಲ್ಲ ಹಳದಿಯಾಗಿ ಮಾತೇ ನಿಂತುಹೋಗಿದೆ ಅಂದಿದ್ರು ಇವ್ರು!"

ತಾಯಿ ಗಾಬರಿಯಿಂದ ಮಗನ ಕಣ್ಣರೆಪ್ಪೆ ಎಳೆದು ನೋಡಿದರು. "ನಿನಗೆ ಯಾವಾಗ ಬಂತೋ?"

ಗಂಡಸರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. 'ಈಗೀಗ ಗುಣವಾಗ್ತಿದೆ' ಎಂಬ ಮಾತು ಲಿಫ್ಟಣ್ಣನ ನಾಲಿಗೆಯ ತುದಿಗೇ ಬಂದಿತ್ತು. ಅಂದುಬಿಟ್ಟಿದ್ದರೆ ಮರ್ಯಾದೆ ಉಳಿಯುತ್ತಿತ್ತು, ಲಿಫ್ಟಿನ ಆರ್ಡರು ಹೋಗುತ್ತಿತ್ತು. ಅವನು ತಾಯಿಯ ಕೈ ಸರಿಸಿದ.

"ನನಗೆ ಕಾಮಾಲೆ ಇಲ್ಲಮ್ಮ, ಇವರ ಕಾಲೂ ಮುರಿದಿಲ್ಲ. ಫೋನ್ ಮಾಡಿದ್ರೆ ಬೇಡ ಅಂದ್ಬಿಡ್ತಾರೇನೋ ಅಂತ ಹೆದರಿ ನಾನೇ ಮುರಿದೆ." ಯಜಮಾನರ ಕಡೆ ತಿರುಗಿದ. "ಸಾರ್, ಲಿಫ್ಟು ಬೇಕೋ ಬೇಡ್ವೋ? ಬೇಡ ಅಂದ್ರೂ ಸರಿ, ಬಾಯ್ಬಿಟ್ಟು ಹೇಳಿ."

ಯಜಮಾನರು ಹೆಂಡತಿಯನ್ನು ಬಿಟ್ಟು ಉಳಿದೆಲ್ಲ ಕಡೆ ನೋಡಿದರು. "ಬಾಗಿಲು ಮುಚ್ಕೊಂಡು ಮಧ್ಯದಲ್ಲೇ ನಿಂತುಬಿಟ್ರೆ ಅಂತ ಭಯ ಕಣ್ರೀ. ದಿನಾ ಬೆಂಕಿ ಮುಂದೆ ನಿಲ್ಲೋ ಗಂಡಸು, ಮನೇಲಿ ಹೇಗೆ ಹೇಳ್ಕೊಳ್ಳೋದು? ಅದಕ್ಕೇ ಇವಳು ಲಿಫ್ಟು ಎಲ್ಲಿ ಅಂದಾಗ ನಿಮಗೆ ಕಾಮಾಲೆ ಬರಿಸ್ದೆ."

"ಗಾಜಿನ ಬಾಗಿಲಿರೋದೂ ಇದೆ ಸಾರ್, ಹೊರಗಿನದೆಲ್ಲ ಕಾಣತ್ತೆ. ಕರೆಂಟು ಹೋದ್ರೆ ತಾನಾಗೇ ಕೆಳಗಿಳಿದು ತೆರ್ಕೊಳ್ಳತ್ತೆ."

"ಇದನ್ನ ಮೊದಲೇ ಹೇಳೋದಲ್ವೇನ್ರೀ?"

"ನಿಮ್ಮ ಕಾಲು ಮುರಿದಿತ್ತಲ್ಲ ಸಾರ್."

"ಅಳತೆ ತಗೊಳ್ಳಿ," ಎಂದರು ಯಜಮಾನರ ಹೆಂಡತಿ, "ಇವರಿಗೆ ಇನ್ನೊಂದು ಕಾಯಿಲೆ ಹೊಳೆಯೋದ್ರೊಳಗೆ."

ಲಿಫ್ಟಣ್ಣ ಟೇಪಿನ ಒಂದು ತುದಿಯನ್ನು ಯಜಮಾನರ ಕೈಗೆ ಕೊಟ್ಟು ಇನ್ನೊಂದನ್ನು ತಾನು ಹಿಡಿದ. ಟೇಪು ಎರಡೂ ಕಡೆಯಿಂದ ನಡುಗುತ್ತಿತ್ತು. ಅಳತೆ ಮಾತ್ರ ಸರಿಯಾಗಿಯೇ ಬಂತು.