ಕಿವುಡಾಗುವ ಗುಂಡಿ

ಮನೆಯಲ್ಲಿ ಬೇಡದ ವಸ್ತು ಒಂದಿದ್ದರೂ ನನ್ನ ಸೊಸೆಗೆ ಮೈ ಉರಿಯುತ್ತದೆ. ಮುಚ್ಚಳವಿಲ್ಲದ ಡಬ್ಬ, ಡಬ್ಬವಿಲ್ಲದ ಮುಚ್ಚಳ, ಒಂಟಿ ಕಾಲುಚೀಲ ಯಾವುದೂ ಅವಳ ಕೈಯಿಂದ ಉಳಿಯುವುದಿಲ್ಲ. ಆಫೀಸಿನಲ್ಲೂ ಹೀಗೇನಾ ಎಂದರೆ, "ಅಲ್ಲಿ ಇದಕ್ಕೇ ಸಂಬಳ ಕೊಡ್ತಾರೆ ಅತ್ತೆ" ಎನ್ನುತ್ತಾಳೆ.

ಅವಳ ಕೆಲಸ ಆಸ್ಪತ್ರೆಯ ಹಾಸಿಗೆ ಪಕ್ಕ ಇಡುವ ಪುಟ್ಟ ಪೆಟ್ಟಿಗೆಯದು. ರೋಗಿ ಗುಂಡಿ ಒತ್ತಿದರೆ ನರ್ಸಮ್ಮನ ಮೇಜಿನ ಮೇಲೆ ಗಂಟೆ ಹೊಡೆಯಬೇಕು. ಪೆಟ್ಟಿಗೆಯೊಳಗೆ ಕರ್ನಲ್ ಅಂತ ಒಬ್ಬ ಯಜಮಾನ, ಎಲ್ಲ ಭಾಗಗಳನ್ನೂ ನಡೆಸುವ ಸಾಫ್ಟ್‌ವೇರ್. ಅವನನ್ನು ತಿದ್ದಿ ತೀಡುವವಳು ಇವಳು.

ಈ ಸಲದ ಪೆಟ್ಟಿಗೆ ಅವಳ ಜೀವ ತಿಂದಿತು. ಸೋಮವಾರ ಆಸ್ಪತ್ರೆ ಸೇರಬೇಕು. ಗುಂಡಿಯೋ, ಬೆಳಿಗ್ಗೆ ಚೆನ್ನಾಗಿದ್ದದ್ದು ಮಧ್ಯಾಹ್ನಕ್ಕೆ ಕಿವುಡು. ಊಟದ ಮೇಜಿನ ತುಂಬ ಅದನ್ನು ಬಿಚ್ಚಿ ಹರವಿಕೊಂಡಳು. ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡೆವು.

"ಯಾರೋ ಸುಮ್‌ಸುಮ್ನೆ ಕರೀತಿದಾರೆ ಅತ್ತೆ."

"ನನಗೇನೂ ಕೇಳಿಸ್ಲಿಲ್ವಲ್ಲೇ."

"ನಿಮಗಲ್ಲ, ಕರ್ನಲ್‌ಗೆ!"

ಒಳಗಿನ ಭಾಗಗಳು ಕೆಲಸ ಬಿದ್ದಾಗ ಕರ್ನಲ್ಲನ್ನು ಕರೆಯುತ್ತವಂತೆ. ಅದಕ್ಕೆ ಇಂಟರಪ್ಟ್ ಎನ್ನುತ್ತಾರೆ. ಯಾರು ಕರೆದದ್ದು ಎಂದು ಕರ್ನಲ್ ವಿಚಾರಿಸಿದಾಗ ಪ್ರತಿ ಸಲವೂ 'ನಾನಲ್ಲ' ಎಂಬ ಉತ್ತರವೇ ಬಂದರೆ, ರೋಸಿ ಹೋಗಿ ಕರೆ ಬರುವ ದಾರಿಯನ್ನೇ ಮುಚ್ಚಿಬಿಡುತ್ತದೆ. ರೋಗಿಯ ಗುಂಡಿಯೂ ಅದೇ ದಾರಿಯಲ್ಲಿ ಕರೆಯಬೇಕು. ಯಾರದೋ ತಂಟೆಗೆ ಇನ್ಯಾರಿಗೋ ಶಿಕ್ಷೆ.

ಅವಳ ಸಾಹೇಬರು ಫೋನಿನಲ್ಲಿ ಸುಲಭದ ದಾರಿ ಹೇಳಿದರು. "ಕಿವುಡಾದಾಗ ತಾನೇ ಆಫ್ ಆಗಿ ಆನ್ ಆಗೋ ಹಾಗೆ ಮಾಡಮ್ಮ, ಮುಗೀತು."

"ಅದೇ ಹೊತ್ತಲ್ಲಿ ಯಾರಾದ್ರೂ ಒತ್ತಿದ್ರೆ ಸಾರ್?"

"ಇನ್ನೊಂದ್ಸಲ ಒತ್ತುತ್ತಾರೆ."

"ಒಂದ್ಸಲ ಒತ್ತೋಕೇ ಶಕ್ತಿ ಇಲ್ಲದವರು ಅಲ್ಲಿ ಮಲಗಿರೋದು!" ಎಂದು ಫೋನನ್ನು ಕುಕ್ಕಿದಳು.

ತಂತಿ ಬದಲಿಸಿದಳು. ಕಳಚಲು ಬರುವ ಭಾಗಗಳನ್ನು ಒಂದೊಂದಾಗಿ ಬಿಡಿಸಿಟ್ಟು ನೋಡಿದಳು. ಸರಿಯಾಯಿತು ಎಂದು ಚಹಾಕ್ಕೆ ಕೂತರೆ ಮತ್ತೆ ಕಿವುಡು. "ಪೀಡೆ! ಶನಿ!" ಎಂದು ಪೆಟ್ಟಿಗೆಗೆ ಬೈದಳು, ಲೋಟ ಸದ್ದು ಮಾಡಿದ್ದಕ್ಕೆ ನನಗೂ ಬೈದಳು. ಉರಿಯುವ ಒಲೆಗೆ ಊದುಗೊಳವೆ ಯಾಕೆಂದು ನಾನು ಲೋಟ ಎತ್ತಿಕೊಂಡು ಅಡುಗೆಮನೆಗೆ ನಡೆದೆ.

ಕೊನೆಗೆ ಬೇರೆ ದಾರಿ ಕಾಣದೆ, ತಾನು ಬೇಡದ್ದನ್ನೆಲ್ಲ ತೆಗೆದು ಗುಡಿಸಿ ಸಾರಿಸುವುದಕ್ಕೆ ಮುಂಚಿನ ಹಳೆಯ ಕರ್ನಲ್ಲನ್ನೇ ಹಾಕಿದಳು. ಭಾನುವಾರ ಮಧ್ಯಾಹ್ನವಾದರೂ ಗುಂಡಿ ಕಿವುಡಾಗಲಿಲ್ಲ. ಅವಳ ಮುಖ ಮಾತ್ರ ಕಪ್ಪಿಟ್ಟಿತು.

"ನಂದೇ ಅತ್ತೆ, ನಂದೇ ಘನಕಾರ್ಯ."

ಪೆಟ್ಟಿಗೆಯಲ್ಲಿ ಕಾರ್ಡ್ ಓದುವ ಭಾಗವೊಂದಿತ್ತು. ಈ ಆಸ್ಪತ್ರೆಗೆ ಅದು ಬೇಡ. ಹೇಗೂ ಬೇಡವಲ್ಲಾ ಎಂದು, ಅದರ ಕರೆಗೆ ಓಗೊಡುವ ಡ್ರೈವರ್ ಎಂಬ ತುಣುಕನ್ನು ಇವಳು ಕರ್ನಲ್ಲಿನಿಂದ ಕಿತ್ತೆಸೆದಿದ್ದಳು. ಭಾಗ ಅಲ್ಲೇ ಇತ್ತು, ಕರೆಂಟು ಬಂದೊಡನೆ ಎದ್ದು ಆಗಾಗ ಕೂಗುತ್ತಿತ್ತು.

"ಓಗೊಡೋನನ್ನ ಮನೆಗೆ ಕಳಿಸ್ದೆ, ಕೂಗೋನನ್ನ ಅಲ್ಲೇ ಬಿಟ್ಟೆ."

"ಅವನನ್ನೂ ಎಸೀಬಾರದಾ?"

"ಬೆಸುಗೆ ಹಾಕ್ಬಿಟ್ಟಿದಾರೆ ಅತ್ತೆ, ನಿಮ್ಮ ಡಬ್ಬ ಅಲ್ಲ ಅದು!"

ಪೆಟ್ಟಿಗೆ ಏಳುವಾಗಲೇ ಆ ಭಾಗವನ್ನು ಮಲಗಿಸಿಬಿಡುವ ನಾಲ್ಕು ಸಾಲು ಬರೆದು ಹೊಸ ಕರ್ನಲ್ ಹಾಕಿದಳು. ಸಾಹೇಬರಿಗೆ ಹೇಳಿದರೆ, "ನಾಲ್ಕು ಸಾಲಿಗೆ ಇಷ್ಟು ರಂಪಾಟನಾ?" ಎಂದರಂತೆ. ಅವಳು ಹಲ್ಲು ಕಚ್ಚಿಕೊಂಡು ಪೆಟ್ಟಿಗೆಯನ್ನು ನನ್ನ ಮುಂದೆ ತಳ್ಳಿದಳು.

ಒತ್ತಿದೆ. ಗಂಟೆ ಹೊಡೆಯಿತು. ಕತ್ತಲಾಗುವವರೆಗೂ ಒತ್ತುತ್ತಲೇ ಇದ್ದೆ, ಅದು ಹೊಡೆಯುತ್ತಲೇ ಇತ್ತು.

"ಸಾಕಲ್ವೇನೇ, ಹೆಬ್ಬೆರಳು ನೋಯ್ತಿದೆ."

"ನೋಯೋ ಕೈಯವರೇ ಅಲ್ಲೂ ಇರೋದು" ಎಂದಳು, ನಗದೆ. "ಇನ್ನೊಂದ್ಸಲ ಒತ್ತಿ. ಮೆತ್ತಗೆ."