ಪುಟ್ಟಕ್ಕ ಮತ್ತು ಒಂದು ಬಿಗೋನಿಯಾ ಎಲೆ

ಪುಟ್ಟಕ್ಕ ಬಂದುಹೋದ ಮನೆಯ ಹೂತೋಟದಲ್ಲಿ ಒಂದಾದರೂ ರೆಂಬೆ ಮುರಿದಿರುತ್ತಿತ್ತು. ಮದುವೆಯೋ ತಿಥಿಯೋ ಬಾಣಂತಿಯನ್ನು ನೋಡುವುದೋ, ಯಾವುದಕ್ಕೆ ಹೋದರೂ ಮಡಿಲಲ್ಲಿ ಗುಲಾಬಿ ಕಡ್ಡಿಯಿಲ್ಲದೆ ಹಿಂತಿರುಗಿದವಳಲ್ಲ. ಕೇಳಿ ತಂದ ಗಿಡ ಬೇರು ಬಿಡುವುದಿಲ್ಲ ಎಂಬುದು ಆಕೆಯ ಗಟ್ಟಿ ನಂಬಿಕೆ. ಸಿಕ್ಕಿಬಿದ್ದರೂ ನಾಚಿಕೆಯಿರಲಿಲ್ಲ. "ನಿಮ್ಮ ಗಿಡಕ್ಕೆ ಭಾರ ಆಗಿತ್ತು, ಇಳ್ಸಿದೀನಿ" ಎನ್ನುತ್ತಿದ್ದಳು.

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ನಾನು ಕುಶಾಲನಗರದಲ್ಲಿ ವಿಜ್ಞಾನದ ಮೇಷ್ಟರು, ಪುಟ್ಟಕ್ಕನ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದೆ. ಅವರದು ಹಾಸನದ ಕಡೆಯಿಂದ ಬಂದು ನೆಲೆಸಿದ ಒಕ್ಕಲು ಮನೆ. ಆಕೆಗೂ ಆಕೆಯ ಅತ್ತೆಗೂ ಎಣ್ಣೆ ಸೀಗೆಕಾಯಿ. ಸಾರಿಗೆ ಉಪ್ಪು ಹಾಕಿದರೂ ಜಗಳ, ಮರೆತರೂ ಜಗಳ. ಆ ಅತ್ತೆ ಸಾಯುವ ಮುಂಚೆ ಸೊಸೆಯನ್ನು ಕೇಳಿಕೊಂಡದ್ದು ಒಂದೇ: ಜಗಲಿಯ ಕುಂಡದಲ್ಲಿ ತಾನು ಬೆಳೆಸಿದ ಬಿಗೋನಿಯಾ ಉಳಿಯಬೇಕು. ಪುಟ್ಟಕ್ಕ ಮಾತು ಕೊಟ್ಟಿದ್ದಳು.

ಮುಂದಿನ ಮಳೆಗಾಲದಲ್ಲಿ ಸೂರಿನ ನೀರು ಕುಂಡದಲ್ಲಿ ನಿಂತು ಬುಡವೆಲ್ಲ ಕೊಳೆಯಿತು. ಉಳಿದಿದ್ದ ಒಂದೇ ಒಳ್ಳೆಯ ಎಲೆಯನ್ನು ಹಿಡಿದು ಪುಟ್ಟಕ್ಕ ನನ್ನ ಬಾಗಿಲಿಗೆ ಬಂದಳು. ಮುಖ ಬಿಳಿಚಿಕೊಂಡಿತ್ತು.

"ಮೇಷ್ಟ್ರೇ, ಕಡ್ಡಿನೂ ಇಲ್ಲ, ಬೇರೂ ಇಲ್ಲ. ಇದ್ರಲ್ಲಿ ಏನಾದ್ರೂ ಆಗುತ್ತಾ?"

ಪುಸ್ತಕದಲ್ಲಿ ಓದಿದ್ದೆ, ಮಾಡಿ ನೋಡಿರಲಿಲ್ಲ. ಇಬ್ಬರೂ ಕೂತು ಎಲೆಯ ಹಿಂದಿನ ನರಗಳನ್ನು ಬ್ಲೇಡಿನಿಂದ ಅಲ್ಲಲ್ಲಿ ಸೀಳಿ, ಒದ್ದೆ ಮರಳಿನ ಮೇಲೆ ಮಲಗಿಸಿ, ಗಾಜಿನ ಜಾಡಿ ಕವುಚಿದೆವು. ದಿನವೂ ಬಂದು ಇಣುಕುತ್ತಿದ್ದಳು. ಎಲೆಯ ಅಂಚು ಕಪ್ಪಾದ ದಿನ ಊಟ ಬಿಟ್ಟಳು. ಕೊನೆಗೊಮ್ಮೆ ಸೀಳಿದ ಜಾಗದಲ್ಲಿ ರಾಗಿ ಕಾಳಿನಷ್ಟು ಹಸಿರು ಕಂಡಿತು. ಮಳೆ ನಿಲ್ಲುವ ಹೊತ್ತಿಗೆ ಅದು ಕುಂಡಕ್ಕೆ ಹಾಕುವಷ್ಟು ಬೆಳೆದಿತ್ತು.

ಆದರೂ ಆಕೆಗೆ ಸಮಾಧಾನವಿಲ್ಲ. ನಾನು ವರ್ಗವಾಗಿ ವಿರಾಜಪೇಟೆಗೆ ಹೊರಟ ದಿನ ಕುಂಡವನ್ನೆತ್ತಿಕೊಂಡು ಬಂದಳು.

"ದಿಟ ಹೇಳಿ ಮೇಷ್ಟ್ರೇ. ಇದು ನಮ್ಮತ್ತೆ ಗಿಡನಾ, ಬೇರೆ ಗಿಡನಾ? ಬೇರೆ ಆದ್ರೆ ನಾನು ಮಾತು ತಪ್ಪಿದಂಗೆ."

"ಅದೇ ಗಿಡ, ಪುಟ್ಟಕ್ಕ. ಗಾಯ ಆದ್ಮೇಲೆ ಎಲೆಯಲ್ಲಿರೋ ಜೀವಕೋಶ ಎಲೆ ಕೆಲಸ ಬಿಟ್ಟು, ಎಳೇದಾಗಿ ಮತ್ತೆ ಮೊದಲಿಂದ ಶುರು ಮಾಡುತ್ತೆ. ಬೇರೂ ಅದ್ರಿಂದ್ಲೇ, ಚಿಗುರೂ ಅದ್ರಿಂದ್ಲೇ. ಹೊರಗಿಂದ ಏನೂ ಬಂದಿಲ್ಲ."

ಅತ್ತೆ ಸತ್ತಾಗ ಪುಟ್ಟಕ್ಕ ಕಣ್ಣೀರು ಹಾಕಿದ್ದನ್ನು ಯಾರೂ ಕಂಡಿರಲಿಲ್ಲ. ಈಗ ಕುಂಡ ಹಿಡಿದುಕೊಂಡೇ ಬಿಕ್ಕಿ ಬಿಕ್ಕಿ ಅತ್ತಳು. ಬಸ್ಸಿಗೆ ಹೊತ್ತಾಗಿತ್ತು. ಆಮೇಲೆ ನಾನು ಆಕೆಯನ್ನು ನೋಡಲೇ ಇಲ್ಲ. ಮೆಟ್ಟಿಲಿಳಿಯುವಾಗ ಹಿಂದಿನಿಂದ ಆಕೆಯ ದನಿ ಕೇಳಿಸಿತು. ಮಾತಾಡುತ್ತಿದ್ದುದು ನನ್ನೊಂದಿಗಲ್ಲ, ಕುಂಡದೊಂದಿಗೆ.

"ಅಷ್ಟು ಸುಲಭಕ್ಕೆ ಹೋಗೋಳಲ್ಲ ನೀನು. ನಂಗೊತ್ತಿತ್ತು."