ಎಂಟಿಲ್ಲದ ಸಂಖ್ಯೆ

ಏಳರ ನಂತರ ಎಂಟು ಬಾರದಿದ್ದರೆ ನನಗೆ ಉಂಡದ್ದು ಮೈಗೆ ಹತ್ತುವುದಿಲ್ಲ. ಮಣಿಪಾಲದ ಕಚೇರಿಯೊಂದರಲ್ಲಿ ಮೂವತ್ತೈದು ವರ್ಷ ಕಡತಗಳ ಕ್ರಮಸಂಖ್ಯೆ ನೋಡಿದವನು ನಾನು; ಈಗಲೂ ಮೆಟ್ಟಿಲುಗಳನ್ನು ಎಣಿಸಿಯೇ ಹತ್ತುತ್ತೇನೆ. ಇಂಥವನು 12345679ಕ್ಕೆ ಮನಸೋತದ್ದು ಹೇಗೋ ತಿಳಿಯದು.

ಅದರ ಆಟ ನೋಡಿ. ಒಂಬತ್ತರಿಂದ ಗುಣಿಸಿದರೆ ಒಂಬತ್ತು ಒಂದುಗಳು ಸಾಲಾಗಿ ನಿಲ್ಲುತ್ತವೆ. ಹದಿನೆಂಟರಿಂದಾದರೆ ಎಲ್ಲವೂ ಎರಡು. ಎಪ್ಪತ್ತೆರಡರಿಂದ ಗುಣಿಸಿದರೆ, ತನ್ನ ಬಳಿ ಒಂದೂ ಇಲ್ಲದ ಎಂಟನ್ನು ಒಂಬತ್ತು ಸಲ ಕೊಡುತ್ತದೆ! ಒಂದನ್ನು ಎಂಬತ್ತೊಂದರಿಂದ ಭಾಗಿಸಿದರೆ, ದಶಮಾಂಶ ಬಿಂದುವಿನ ಆಚೆ ಒಂದು ಸೊನ್ನೆಯ ಕೈ ಹಿಡಿದುಕೊಂಡು ಇದೇ ಸಾಲು ಕೊನೆಯಿಲ್ಲದೆ ಸುತ್ತುತ್ತದೆ. ಅದನ್ನು ಕಂಡುಕೊಂಡ ದಿನ ನನ್ನ ಸ್ನಾನ ಹತ್ತು ನಿಮಿಷ ತಡವಾಯಿತು. ನಮ್ಮ ಮನೆಯಲ್ಲಿ ಅದು ಸಣ್ಣ ಸುದ್ದಿಯಲ್ಲ.

ಅದೇ ಎಂಬತ್ತೊಂದು ನನ್ನ ಅಕ್ಕನಿಗೆ ತುಂಬುವುದರಲ್ಲಿತ್ತು. ಕಾರ್ಕಳದಲ್ಲಿ ಗಣಿತ ಕಲಿಸಿದ ಅಕ್ಕ ಈಗ ಇನ್ನಂಜೆಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಒಂದು ವರ್ಷದಿಂದ ಪೆನ್ಸಿಲ್ ಮುಟ್ಟಿರಲಿಲ್ಲ, ಪತ್ರಿಕೆಯ ಸುಡೊಕು ಖಾಲಿಯಾಗಿಯೇ ರದ್ದಿಗೆ ಹೋಗುತ್ತಿತ್ತು. ಸಹಸ್ರ ಚಂದ್ರ ದರ್ಶನದ ಶಾಂತಿಯೊಂದು ಆಗಲಿ, ಮತ್ತೆ ನನಗೆ ನೋಡಲಿಕ್ಕೆ ಎಂತದೂ ಇಲ್ಲ ಎನ್ನುತ್ತಿದ್ದಳು. ಆ ಮಾತನ್ನು ನನಗೆ ಸಹಿಸಲಾಗಲಿಲ್ಲ. 12345679ನ್ನು ಎಂಬತ್ತೊಂದರಿಂದ ಗುಣಿಸಿದರೆ ಒಂಬತ್ತು ಒಂಬತ್ತುಗಳು. ಈ ಲೆಕ್ಕ ಕಂಡರೆ ಅವಳ ಕೈ ಸುಮ್ಮನಿರಲಾರದು ಎಂದುಕೊಂಡೆ. ಗುಣಾಕಾರವನ್ನು ಬರೆದು, ಉತ್ತರದ ಜಾಗ ಖಾಲಿ ಬಿಟ್ಟು, ಶಾಂತಿಯ ದಿನಕ್ಕೆಂದು ಸಂತೆಕಟ್ಟೆಯ ಅಂಗಡಿಯೊಂದರಲ್ಲಿ ಬ್ಯಾನರ್ ಮಾಡಲು ಕೊಟ್ಟೆ.

ಅಚ್ಚಿಗೆ ಮೊದಲು ಕರಡು ನೋಡಲು ಹೋದೆ. ಏಳರ ಪಕ್ಕದಲ್ಲಿ ಒಂಬತ್ತು! ಕಡತ ನೋಡುವ ಹಳೆಯ ಕಣ್ಣು ಕೆರಳಿತು. ಎಂಟನ್ನು ನುಂಗಿದ್ದೀಯಲ್ಲ ಎಂದು ಕಂಪ್ಯೂಟರಿನ ಮುಂದಿದ್ದವಳನ್ನು ಗದರಿದೆ. ಅವಳು ಮೆಲ್ಲಗೆ, "ಸರ್, ನೀವು ಕೊಟ್ಟ ಚೀಟಿಯಲ್ಲಿಯೇ ಎಂಟು ಇಲ್ಲ" ಎಂದಳು. ಹಾಗಾದರೆ ಈಗ ಸೇರಿಸು ಎಂದು ಶಿಸ್ತಾಗಿ ಹೇಳಿ, ಶಿಸ್ತಾಗಿ ಬಸ್ಸು ಹತ್ತಿದೆ.

ಶಾಂತಿಯ ದಿನ ಅಕ್ಕ ಬ್ಯಾನರನ್ನೇ ನೋಡುತ್ತ ಕೂತಳು. ಮಗಳಿಂದ ಪೆನ್ಸಿಲ್ ಕೇಳಿದಳು. ನನ್ನ ಎದೆ ಹಿಗ್ಗಿತು. ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಗುಣಿಸಿದಳು: 9999999909.

"ಇದೆಂತದು ಮಾರಾಯ? ನನ್ನ ಒಂಬತ್ತುಗಳ ನಡುವೆ ಸೊನ್ನೆಯೊಂದು ಕೂತುಕೊಂಡು ಉಂಟಲ್ಲ?"

ನೆಂಟರೆಲ್ಲ ತಿರುಗಿ ನೋಡಿದರು. ಸಂತೆಕಟ್ಟೆಯ ಕಥೆಯನ್ನು ಒಪ್ಪಿಸಿದೆ. ಅಕ್ಕ ಕನ್ನಡಕ ಜಾರುವಷ್ಟು ನಕ್ಕಳು. ಎಂಟನ್ನು ಹೊಡೆದುಹಾಕಿ ಹೊಸದಾಗಿ ಗುಣಿಸಿ, ಒಂಬತ್ತುಗಳನ್ನು ಒಂದೊಂದಾಗಿ ಎಣಿಸಿದಳು. ನಾನು ಸರಿಯಾಗಿಯೇ ಬರೆಸಿದ್ದರೆ "ಚಂದ ಉಂಟು" ಎಂದು ಹೇಳಿ ಬಿಡುತ್ತಿದ್ದಳೋ ಏನೋ. ತಪ್ಪನ್ನು ತಿದ್ದದೆ ಬಿಡುವ ಮೇಷ್ಟ್ರಂತೂ ಅವಳಲ್ಲ.

ಭಟ್ಟರು ಮಂತ್ರಾಕ್ಷತೆ ಹಿಡಿದು ನಿಂತಿದ್ದರು. ಒಂದು ನಿಮಿಷ ಎಂದು ಅವರನ್ನು ತಡೆದು ಅಕ್ಕ ಆ ಒಂಬತ್ತುಗಳಿಗೆ 12345679ನ್ನು ಇನ್ನೊಮ್ಮೆ ಕೂಡಿಸಿದಳು. ಎಂಬತ್ತೆರಡಕ್ಕೆ 1012345678. ಹತ್ತು ಎಂದು ಹೇಳಿ ಪುನಃ ಒಂದರಿಂದ ಶುರು! ಪೆನ್ಸಿಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಎಂಬತ್ತಮೂರರದ್ದು ನೀನು ಮಾಡಿಡಬೇಡ," ಎಂದಳು. "ಅದನ್ನು ಆ ವರ್ಷ ನಾನೇ ಮಾಡುತ್ತೇನೆ."

ಎಲ್ಲವನ್ನೂ ಮುಂಚಿತವಾಗಿ ಮಾಡಿಡುವವನು ನಾನು. ಕೈ ತುರಿಸುತ್ತದೆ, ಆದರೂ ಆ ಒಂದು ಗುಣಾಕಾರವನ್ನು ಈವರೆಗೆ ಮಾಡಿಲ್ಲ.